‘ರಾತ್ರಿ ಎಲ್ಲಿ ಉಳಿದಿದ್ರಿ?’

ಎಂಟಿಎ ಸೀಟು ಸಿಕ್ಕಿದೆ ಎಂದು ಫೋನ್ ಬಂದಾಗ ನಾನು ಬಾದಾಮಿ ಹತ್ತಿರದ ಬನಶಂಕರಿ ಗುಡಿಯ ಹೊಂಡದ ದಂಡೆಯಲ್ಲಿ ಅವ್ವನ ಬುಟ್ಟಿಯ ಪಕ್ಕ ಕೂತು ಗಿರಾಕಿಯೊಬ್ಬರ ರೊಟ್ಟಿಯ ಮೇಲೆ ಬದನೆಕಾಯಿ ಪಲ್ಯ ಹಾಕುತ್ತಿದ್ದೆ. 2018ರ ಮಾತು. ಎಂಟಿಎ ಅಂದರೆ ಮಾಸ್ಟರ್ ಆಫ್ ಟೂರಿಸಂ ಅಡ್ಮಿನಿಸ್ಟ್ರೇಷನ್, ಎರಡು ವರ್ಷದ ಸ್ನಾತಕೋತ್ತರ ಪದವಿ. ಅವ್ವ ಕೇಳಿದ್ದು ಇಷ್ಟೇ: “ಟೂರಿಸಂ ಅಂದ್ರ ತಿರುಗಾಡೂದಲ್ಲೇನ? ಅದನ್ನ ಕಲಿಯಾಕ ಎರಡು ವರ್ಷ ಬೇಕೇನವಾ?” ಪಲ್ಯ ಹಾಕಿಸಿಕೊಳ್ಳುತ್ತಿದ್ದ ಗಿರಾಕಿ ನಕ್ಕರು. ನಾನೂ ನಕ್ಕೆ. ಉತ್ತರ ನನಗೂ ಗೊತ್ತಿರಲಿಲ್ಲ.

ನಾನು ಬಾದಾಮಿಯವಳು. ಮೂರನೇ ಗುಹೆಯಲ್ಲಿ ಚಾಲುಕ್ಯರ ಮಂಗಳೇಶ ಬರೆಸಿದ, ಕ್ರಿ.ಶ. 578ರ ಶಾಸನ ಇದೆ ಎಂಬುದು ಶಾಲೆಯ ಪುಸ್ತಕಕ್ಕಿಂತ ಮೊದಲು ಗೈಡುಗಳ ಬಾಯಿಂದ ನಮ್ಮ ಕಿವಿಗೆ ಬಿದ್ದಿರುತ್ತದೆ. ಬಿಎ ಇತಿಹಾಸ ಮುಗಿಸಿದ್ದೆ, ಎಲ್ಲಾ ಕನ್ನಡ ಮಾಧ್ಯಮದಲ್ಲೇ. ಟೂರಿಸಂ ಓದಿದರೆ ಕಲ್ಲಿನ ಬಗ್ಗೆ ಚಂದಾಗಿ ಮಾತಾಡುವುದನ್ನು ಕಲಿಸುತ್ತಾರೆ, ಒಳ್ಳೆಯ ಗೈಡ್ ಆಗಬಹುದು ಎಂಬುದಷ್ಟೇ ನನ್ನ ಲೆಕ್ಕಾಚಾರ. ಟ್ರಂಕು, ಒಂದು ಡಬ್ಬಿ ಶೇಂಗಾ ಚಟ್ನಿ, ಐವತ್ತು ಖಡಕ್ ರೊಟ್ಟಿ ಕಟ್ಟಿಕೊಂಡು ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿದೆ.

ಮೊದಲ ವಾರವೇ ನನ್ನ ಲೆಕ್ಕಾಚಾರ ತಲೆಕೆಳಗಾಯಿತು. ಟೂರಿಸಂ ಓದುವ ಯಾರೇ ಆದರೂ ಮೊದಲು ಕಲಿಯುವುದು ನಾಲ್ಕು ‘ಎ’ಗಳನ್ನು: ಅಟ್ರ್ಯಾಕ್ಷನ್, ಆಕ್ಸೆಸಿಬಿಲಿಟಿ, ಅಕಾಮಡೇಶನ್, ಅಮೆನಿಟೀಸ್. ನೋಡುವಂಥದ್ದು ಏನಿದೆ, ಅಲ್ಲಿಗೆ ತಲುಪುವುದು ಹೇಗೆ, ಉಳಿಯುವುದೆಲ್ಲಿ, ಉಳಿದ ಅನುಕೂಲಗಳೇನು. ನಿಮ್ಮೂರಿನ ಬಗ್ಗೆ ಈ ನಾಲ್ಕನ್ನೂ ಬರೆದು ತನ್ನಿ ಎಂದರು. ನಾನು ಅಟ್ರ್ಯಾಕ್ಷನ್‌ಗೆ ನಾಲ್ಕು ಪುಟ ಸುರಿದೆ. ಗುಹೆ, ಅಗಸ್ತ್ಯ ತೀರ್ಥ, ಭೂತನಾಥ ಗುಡಿಯ ಎದುರಿನ ಸಂಜೆ ಬಿಸಿಲು, ಕಪ್ಪೆ ಅರಭಟ್ಟನ ಶಾಸನ, ಒಂದನ್ನೂ ಬಿಡಲಿಲ್ಲ. ಉಳಿದ ಮೂರಕ್ಕೂ ಸೇರಿ ಅರ್ಧ ಪುಟ. ಸರ್ ಕೆಂಪು ಪೆನ್ನಿನಲ್ಲಿ ಕೆಳಗೆ ಕನ್ನಡದಲ್ಲೇ ಬರೆದರು: “ಗುಹೆಯ ಕೆಲಸ ಚಾಲುಕ್ಯರು ಮುಗಿಸಿದ್ದಾರೆ. ನೀನು ಶೌಚಾಲಯದ ಬಗ್ಗೆ ಬರಿ.”

ಅವಮಾನವಾಯಿತು. ರಾತ್ರಿ ಹಾಸ್ಟೆಲಿನಲ್ಲಿ ಕೂತು ಯೋಚಿಸಿದಾಗ, ನನ್ನೂರಿನ ರೈಲ್ವೆ ಸ್ಟೇಷನ್ ಊರಿಂದ ಐದು ಕಿಲೋಮೀಟರ್ ದೂರ ಇದೆ ಎಂಬುದನ್ನೇ ಬರೆದಿಲ್ಲ ಎಂದು ಹೊಳೆಯಿತು. ಬೆಳಗಿನ ಜಾವ ಇಳಿದವರು ಟಂಟಂ ಆಟೋ ಸಿಗುವವರೆಗೆ ಏನು ಮಾಡುತ್ತಾರೆ, ಹೆಣ್ಣುಮಕ್ಕಳು ಎಲ್ಲಿಗೆ ಹೋಗುತ್ತಾರೆ, ಗುಹೆಯ ಮೆಟ್ಟಿಲಲ್ಲಿ ಮಂಗ ಚೀಲ ಕಸಿದರೆ ಯಾರನ್ನು ಕೂಗಬೇಕು? ಇಪ್ಪತ್ತು ವರ್ಷ ಅಲ್ಲೇ ಬೆಳೆದವಳಿಗೆ ಈ ಪ್ರಶ್ನೆಗಳು ಒಂದು ದಿನವೂ ಬಂದಿರಲಿಲ್ಲ. ನನಗೆ ಅದು ಮನೆಯಾಗಿತ್ತು, ಮನೆಯಲ್ಲಿ ಯಾರು ಬೋರ್ಡು ಓದುತ್ತಾರೆ?

ಇಂಗ್ಲಿಷಿನ ವಿಷಯ ಹೇಳಲೇಬೇಕು, ಏಕೆಂದರೆ ಈ ಕೋರ್ಸಿಗೆ ಸೇರಬೇಕೆನ್ನುವ ನಮ್ಮ ಕಡೆಯ ಹುಡುಗ ಹುಡುಗಿಯರು ಮೊದಲು ಕೇಳುವುದು ಅದನ್ನೇ. ಪುಸ್ತಕಗಳೆಲ್ಲ ಇಂಗ್ಲಿಷಿನವೇ. ಮೊದಲ ಸೆಮಿಸ್ಟರಿನಲ್ಲಿ ಒಂದು ಪುಟಕ್ಕೆ ಅರ್ಧ ಗಂಟೆ ಹಿಡಿಯುತ್ತಿತ್ತು. ನಾನು ಮಾಡಿದ ಉಪಾಯ ಬಹಳ ಸಾದಾ. ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಪ್ರತಿ ಪುಟವನ್ನೂ ಉದ್ದಕ್ಕೆ ಎರಡು ಭಾಗ ಮಾಡಿದೆ. ಎಡಕ್ಕೆ ಪುಸ್ತಕದ ಪದ, ಬಲಕ್ಕೆ ನಮ್ಮೂರಿನ ಒಂದು ಉದಾಹರಣೆ. ಅರ್ಥ ಬರೆಯುತ್ತಿರಲಿಲ್ಲ, ಉದಾಹರಣೆ ಮಾತ್ರ. ‘ಸೀಸನ್ಯಾಲಿಟಿ’ ಎದುರು ‘ಏಪ್ರಿಲ್‌ದಾಗ ಗುಹೆ ಕಲ್ಲು ಕಾದು ಕಾಲು ಸುಡತಾವ, ಟಂಟಂ ಕಾಕಾ ಮಧ್ಯಾಹ್ನ ಮಲಗತಾನ’ ಎಂದಿದೆ. ‘ಇಂಟರ್‌ಪ್ರಿಟೇಶನ್’ ಎದುರು ‘ಒಂದೇ ನಟರಾಜನಿಗೆ ಹದಿನೆಂಟು ಕೈ. ಎಣಿಸಿ ಅನ್ನೂದು ಕೆಟ್ಟ ಗೈಡ್, ಯಾಕ ಹದಿನೆಂಟು ಅನ್ನೂದು ಚಲೋ ಗೈಡ್.’ ಆ ನೋಟ್‌ಬುಕ್ ಈಗಲೂ ಇದೆ. ಪರೀಕ್ಷೆಯ ಹಿಂದಿನ ದಿನ ಬಲಗಡೆ ಮಾತ್ರ ಓದುತ್ತಿದ್ದೆ, ಎಡಗಡೆಯದು ತಾನಾಗಿ ಬರುತ್ತಿತ್ತು.

ಮಾರ್ಕೆಟಿಂಗ್ ಪೇಪರಿನಲ್ಲಿ ‘ಪೆರಿಶಬಿಲಿಟಿ’ ಎಂಬುದು ಬಂತು. ಸೇವೆಯನ್ನು ಕೂಡಿಡಲಾಗದು, ಇವತ್ತು ರಾತ್ರಿ ಖಾಲಿ ಉಳಿದ ಹೋಟೆಲ್ ರೂಮನ್ನು ನಾಳೆ ಮಾರಲಾಗದು ಎನ್ನುವ ತತ್ವ. ಮೇಡಂ ಅದಕ್ಕೆ ಹಾಲು, ಹಣ್ಣು, ರೊಟ್ಟಿ ಎಂದು ಹೋಲಿಕೆ ಕೊಟ್ಟರು. ನಾನು ಎದ್ದು ನಿಂತು, “ಮೇಡಂ, ಖಡಕ್ ರೊಟ್ಟಿ ತಿಂಗಳಾದರೂ ಕೆಡಲ್ಲ, ರೂಮು ಒಂದೇ ರಾತ್ರಿಗೆ ಕೆಡುತ್ತೆ” ಎಂದೆ. ಕ್ಲಾಸು ನಕ್ಕಿತು. ಅವತ್ತಿನಿಂದ ನನ್ನ ಹೆಸರೇ ‘ಖಡಕ್ ರೊಟ್ಟಿ’. ಆದರೆ ಹೋಟೆಲಿನವರು ರಾತ್ರಿ ಒಂಬತ್ತಕ್ಕೆ ದರ ಇಳಿಸುವುದು ಯಾಕೆಂದು ನನಗೆ ಹಾಗೆಯೇ ಮನದಟ್ಟಾದದ್ದು.

ಥಾಮಸ್ ಕುಕ್ ಕಥೆಯನ್ನು ಬಿಡುವಂತಿಲ್ಲ. ಪ್ರವಾಸೋದ್ಯಮದ ಇತಿಹಾಸ ಎಂದರೆ 1841ರ ಜುಲೈ 5, ಲೆಸ್ಟರ್‌ನಿಂದ ಲಫ್‌ಬರೋಗೆ ರೈಲು, ಮದ್ಯಪಾನ ವಿರೋಧಿ ಸಭೆಗೆ ಹೊರಟ ಸುಮಾರು ಐನೂರು ಜನ, ತಲೆಗೆ ಒಂದು ಶಿಲ್ಲಿಂಗ್. ಮೊದಲ ಸೆಮಿಸ್ಟರಿನಲ್ಲಿ ಇದನ್ನು ನಾವು ಸಂಧ್ಯಾವಂದನೆಯ ಹಾಗೆ ಒಪ್ಪಿಸುತ್ತಿದ್ದೆವು. ಮೂರನೇ ಸೆಮಿಸ್ಟರಿನಲ್ಲಿರುವಾಗ, 2019ರ ಸೆಪ್ಟೆಂಬರ್ 23ರಂದು, ಆ ಬ್ರಿಟಿಷ್ ಕಂಪನಿ ಬಾಗಿಲು ಹಾಕಿತು. ರಜೆಗೆಂದು ಹೋಗಿದ್ದ ಒಂದೂವರೆ ಲಕ್ಷಕ್ಕೂ ಹೆಚ್ಚು ಬ್ರಿಟಿಷರನ್ನು ಅವರ ಸರ್ಕಾರವೇ ವಿಮಾನ ಮಾಡಿ ಮನೆಗೆ ಕರೆತರಬೇಕಾಯಿತು. ಭಾರತದ ಥಾಮಸ್ ಕುಕ್ ಕಂಪನಿಯ ಮಾಲೀಕತ್ವ ಅಷ್ಟರಲ್ಲಾಗಲೇ ಬೇರೆ ಆಗಿದ್ದರಿಂದ ಇಲ್ಲಿಯದು ಉಳಿಯಿತು. ಬೆಳಗ್ಗೆ ಸರ್ ಪೇಪರ್ ಹಿಡಿದು ಕ್ಲಾಸಿಗೆ ಬಂದು ಬೋರ್ಡಿನ ಮೇಲೆ ಏನೂ ಬರೆಯದೆ ಎರಡು ನಿಮಿಷ ಸುಮ್ಮನೆ ನಿಂತರು. ಆಮೇಲೆ, “ಇವತ್ತು ಪಾಠ ಬೇಡ. ಯಾಕೆ ಮುಳುಗಿತು ಅಂತ ಹೇಳಿ” ಎಂದರು. ಸಾಲ, ಆನ್‌ಲೈನ್ ಬುಕಿಂಗ್, ಬ್ರೆಕ್ಸಿಟ್ ಎಂದು ಒಬ್ಬೊಬ್ಬರು ಒಂದೊಂದು ಹೇಳಿದೆವು. ಎರಡು ವರ್ಷದಲ್ಲಿ ನಾನು ಕೂತ ಅತ್ಯುತ್ತಮ ಕ್ಲಾಸು ಅದು. ಪರೀಕ್ಷೆಗೆ ಮಾತ್ರ 1841 ಬಂತು.

ಇನ್ನು ಟಿಕೆಟಿಂಗ್. ಏರ್‌ಲೈನ್ ಬುಕಿಂಗ್ ಮಾಡುವ ಸಾಫ್ಟ್‌ವೇರ್, ಅಮೇಡಿಯಸ್. ನಮ್ಮ ಲ್ಯಾಬಿನಲ್ಲಿ ಕಂಪ್ಯೂಟರ್ ಕಡಿಮೆ, ಕೈ ಹೆಚ್ಚು. ಹಾಗಾಗಿ ಅರ್ಧ ಅಭ್ಯಾಸ ಕಾಗದದ ಮೇಲೆಯೇ. ‘ಎಎನ್’ ಅಂದರೆ ವಿಮಾನ ಸಿಗುತ್ತದೋ ನೋಡು. ಅದಕ್ಕೆ ತಾರೀಖು, ಹೊರಡುವ ಊರಿನ ಕೋಡ್, ಸೇರುವ ಊರಿನ ಕೋಡ್ ಅಂಟಿಸಬೇಕು. ಬೆಂಗಳೂರು ಬಿಎಲ್‌ಆರ್, ಅದು ಸರಿ. ಹುಬ್ಬಳ್ಳಿಗೆ ಎಚ್‌ಬಿಎಕ್ಸ್, ಬೆಳಗಾವಿಗೆ ಐಎಕ್ಸ್‌ಜಿ, ಮಂಗಳೂರಿಗೆ ಐಎಕ್ಸ್‌ಇ. ಯಾಕೆ ಹೀಗೆ ಎಂದು ಕೇಳಬಾರದು, ಬಾಯಿಪಾಠ ಮಾಡಬೇಕು. ಒಂದು ಪಿಎನ್‌ಆರ್, ಅಂದರೆ ಪ್ರಯಾಣಿಕರ ಬುಕಿಂಗ್ ದಾಖಲೆ, ಪೂರ್ತಿಯಾಗಲು ಐದು ಅಂಶ ಬೇಕೇ ಬೇಕು: ಫೋನ್, ಯಾರು ಹೇಳಿ ಮಾಡಿಸಿದ್ದು, ಪ್ರಯಾಣದ ವಿವರ, ಹೆಸರು, ಟಿಕೆಟ್ ಮಾಡುವ ದಿನ. ಇವುಗಳ ಇಂಗ್ಲಿಷ್ ಮೊದಲಕ್ಷರ ಸೇರಿಸಿದರೆ ‘ಪ್ರಿಂಟ್’ ಎಂದಾಗುತ್ತದೆ, ಮರೆಯುವುದಿಲ್ಲ. ಫೋನಿನಲ್ಲಿ ಅಕ್ಷರ ತಪ್ಪಬಾರದೆಂದು ಆಲ್ಫಾ, ಬ್ರಾವೋ, ಚಾರ್ಲಿ, ಡೆಲ್ಟಾ ಬೇರೆ. ರಜೆಯಲ್ಲಿ ಮನೆಗೆ ಬಂದಾಗ ಹಿಟ್ಟು ನಾದುತ್ತಲೂ ಅದನ್ನೇ ಗುನುಗುತ್ತಿದ್ದೆ. ಒಂದು ದಿನ ಅವ್ವ ಬಾಗಿಲು ಹಾಕಿ ಬಂದು ಸಣ್ಣ ದನಿಯಲ್ಲಿ ಕೇಳಿದಳು: “ಚಾರ್ಲಿ ಯಾರವಾ?”

ನಿಜ ಹೇಳಬೇಕೆಂದರೆ ಈ ಕೋಡುಗಳು ನನಗೆ ಹೆಚ್ಚು ಉಪಯೋಗಕ್ಕೆ ಬರಲಿಲ್ಲ. ದೊಡ್ಡ ಟ್ರಾವೆಲ್ ಆಫೀಸಿನಲ್ಲಿ ಕೆಲಸ ಬೇಕೆನ್ನುವವರು ಮಾತ್ರ ಇದರಲ್ಲಿ ಬೆವರು ಸುರಿಸಲಿ. ಉಳಿದವರು ಪಾಸಾದರೆ ಸಾಕು.

ಎರಡನೇ ಸೆಮಿಸ್ಟರಿನಲ್ಲಿ ಹಂಪಿಗೆ ಫೀಲ್ಡ್ ಟ್ರಿಪ್. ಬಟ್ಲರ್ ಎಂಬ ಭೂಗೋಳ ತಜ್ಞ 1980ರಲ್ಲಿ ಕೊಟ್ಟ ಒಂದು ರೇಖಾಚಿತ್ರ ಈ ವಿಷಯದಲ್ಲಿ ಬಲು ಪ್ರಸಿದ್ಧ. ಯಾರೋ ಒಬ್ಬಿಬ್ಬರು ಜಾಗ ಹುಡುಕಿಕೊಂಡು ಬರುತ್ತಾರೆ, ಊರವರು ಕೈಹಾಕುತ್ತಾರೆ, ಬೆಳೆಯುತ್ತದೆ, ಗಟ್ಟಿಯಾಗುತ್ತದೆ, ಒಂದು ಹಂತಕ್ಕೆ ನಿಂತುಬಿಡುತ್ತದೆ, ಆಮೇಲೆ ಕುಸಿಯುತ್ತದೆ ಇಲ್ಲವೇ ಮತ್ತೆ ಚಿಗುರುತ್ತದೆ. ಎಸ್ ಆಕಾರದ ಗೆರೆ. ಸರ್ ಅದರ ಜೆರಾಕ್ಸ್ ಹಿಡಿದು ನಮ್ಮನ್ನು ನೇರ ವಿರೂಪಾಕ್ಷ ಬಜಾರಿನ ನಡುವೆ ನಿಲ್ಲಿಸಿದರು. ಎರಡೂ ಕಡೆ ಖಾಲಿ ಕಲ್ಲುಮಂಟಪಗಳು. 2011ರ ಜುಲೈವರೆಗೆ ಅಲ್ಲಿ ಮನೆ, ಅಂಗಡಿ, ಇಡ್ಲಿ ಗಾಡಿ, ಪುಸ್ತಕದಂಗಡಿ ಎಲ್ಲ ಇದ್ದವು. ಜೆಸಿಬಿ ಬಂದು ಕೆಡವಿತು. ಹಂಪಿ ವಿಶ್ವ ಪರಂಪರೆ ಪಟ್ಟಿಗೆ ಸೇರಿದ್ದು 1986ರಲ್ಲಿ. 1999ರಿಂದ 2006ರವರೆಗೆ ಅಪಾಯದ ಪಟ್ಟಿಯಲ್ಲೂ ಇತ್ತು. ಸ್ಮಾರಕವನ್ನು ಉಳಿಸಬೇಕೆನ್ನುವುದೂ ನಿಜ, ಅದೇ ಮಂಟಪದಲ್ಲಿ ಸಂಸಾರ ಮಾಡಿದವರಿದ್ದರು ಎನ್ನುವುದೂ ನಿಜ. “ಗೆರೆಯ ಮೇಲೆ ಈ ಬಜಾರು ಎಲ್ಲಿದೆ, ಗುರುತು ಹಾಕಿ” ಎಂದರು ಸರ್. ನಾವು ಹದಿನೆಂಟು ಜನ ಹದಿನೆಂಟು ಕಡೆ ಹಾಕಿದೆವು. ನಾನು ಗೆರೆಯನ್ನೇ ಅರ್ಧಕ್ಕೆ ಕತ್ತರಿಸಿ, ‘ಇಲ್ಲಿ ಆರ್ಡರ್ ಬಂತು’ ಎಂದು ಬರೆದೆ. ಆ ಚಿತ್ರದ ಮೇಲೆ ನನಗೆ ಇರುವ ತಕರಾರು ಇವತ್ತಿಗೂ ಅದೇ. ಊರು ತಾನಾಗಿ ಮುಪ್ಪಾಗುವ ಹಾಗೆ ಅದು ಚಿತ್ರಿಸುತ್ತದೆ. ನಮ್ಮ ಕಡೆ ಊರಿನ ಹಣೆಬರಹ ಬಹಳ ಸಲ ಕಡತದಲ್ಲಿರುತ್ತದೆ. ಮುಂದಿನ ವರ್ಷ ಸುಪ್ರೀಂ ಕೋರ್ಟಿನ ತೀರ್ಪಿನ ನಂತರ ಹೊಳೆಯಾಚೆಯ ವಿರೂಪಾಪುರಗಡ್ಡೆಯ ರೆಸಾರ್ಟುಗಳೂ ನೆಲಸಮವಾದವು. ಟ್ರಿಪ್ಪಿನಲ್ಲಿ ನಾವು ಅಲ್ಲೇ ಚಹಾ ಕುಡಿದಿದ್ದೆವು.

ನನಗೆ ನಿಜವಾಗಿ ಕೆಲಸ ಕಲಿಸಿದ್ದು 2019ರ ಬೇಸಿಗೆಯ ಇಂಟರ್ನ್‌ಶಿಪ್. ಬೆಂಗಳೂರಿನ ಒಂದು ಸಣ್ಣ ಟೂರ್ ಆಫೀಸು, ಎಂಟು ವಾರ. ಸಂಬಳ ಇಲ್ಲ, ಮಧ್ಯಾಹ್ನದ ಊಟ ಉಂಟು. ಮೊದಲ ವಾರ ಯಾರಿಗೆ ಯಾವ ರೂಮು ಎಂಬ ರೂಮಿಂಗ್ ಲಿಸ್ಟ್ ಟೈಪ್ ಮಾಡಿದೆ, ವೋಚರ್ ಹರಿದು ಕೊಟ್ಟೆ. ಎರಡನೇ ವಾರ, “ಬಾದಾಮಿಯವಳಲ್ವಾ, ಈ ಗ್ರೂಪಿಗೆ ನೀನೇ ಕಾಸ್ಟಿಂಗ್ ಮಾಡು” ಎಂದರು ಮಾಲೀಕರು. ಕಾಸ್ಟಿಂಗ್ ಅಂದರೆ ಟೂರಿನ ಖರ್ಚೆಲ್ಲ ಲೆಕ್ಕ ಹಾಕಿ ತಲೆಗೆ ಇಷ್ಟೆಂದು ದರ ಕಟ್ಟುವುದು. ಹದಿನೈದು ಪ್ಯಾಕ್ಸ್, ಜೊತೆಗೆ ಒಂದು ಎಫ್‌ಒಸಿ. ಪ್ಯಾಕ್ಸ್ ಅಂದರೆ ತಲೆಗಳು. ಎಫ್‌ಒಸಿ ಅಂದರೆ ಗುಂಪು ಕಟ್ಟಿಕೊಂಡು ಬಂದ ಮುಖಂಡರಿಗೆ ಬಿಟ್ಟಿ. ಎರಡು ರಾತ್ರಿ, ಬಾದಾಮಿ-ಪಟ್ಟದಕಲ್ಲು-ಐಹೊಳೆ, 21 ಸೀಟಿನ ಮಿನಿ ಬಸ್.

ನನ್ನೂರು, ನನ್ನ ಲೆಕ್ಕ ಎಂದು ಹುರುಪಿನಿಂದ ಕೂತೆ. ಬಸ್, ಡ್ರೈವರ್ ಬಾಟಾ (ದಿನದ ಭತ್ಯೆ), ಟೋಲ್, ರೂಮು, ಊಟ, ಟಿಕೆಟ್, ಗೈಡ್ ಎಲ್ಲ ಸೇರಿ 96,000 ಬಂತು. ಬಸ್ಸಿನಲ್ಲಿ ಹದಿನಾರು ಜನ, ಹದಿನಾರರಿಂದ ಭಾಗಿಸಿದೆ, ತಲೆಗೆ 6,000. ಅದಕ್ಕೆ ಹತ್ತು ಪರ್ಸೆಂಟ್ ಮಾರ್ಕಪ್, ಅಂದರೆ ಆಫೀಸಿನ ಲಾಭ, ಹಾಕಿ 6,600 ಎಂದು ಮೇಲ್ ಕಳಿಸಿಯೇಬಿಟ್ಟೆ. ಜಿಎಸ್‌ಟಿ ಐದು ಪರ್ಸೆಂಟ್ ಬೇರೆ ಎಂದು ಕೆಳಗೆ ಜಾಣೆಯಂತೆ ಸೇರಿಸಿದ್ದೆ. ಅವರು ಕೂಡಲೇ ಒಪ್ಪಿದರು. ಗಿರಾಕಿ ಚೌಕಾಸಿ ಮಾಡದೆ ಒಪ್ಪಿದರೆ ಅನುಮಾನಪಡಬೇಕೆಂಬ ಬುದ್ಧಿ ರೊಟ್ಟಿ ಮಾರುವವಳ ಮಗಳಿಗೆ ಇರಬೇಕಿತ್ತು.

ಸಂಜೆ ಮಾಲೀಕರು ಹಾಳೆ ನೋಡಿ ಕೇಳಿದರು, “ದುಡ್ಡು ಕೊಡೋರು ಎಷ್ಟು ಜನ?” ಹದಿನೈದು. “ಹಾಗಾದ್ರೆ ಹದಿನಾರರಿಂದ ಯಾಕೆ ಭಾಗಿಸಿದೆ?” ನನ್ನ ಕೈ ತಣ್ಣಗಾಯಿತು. 6,600 ಗುಣಿಸು ಹದಿನೈದು, 99,000. ಖರ್ಚು 96,000. ಬರಬೇಕಾಗಿದ್ದ 9,600ರ ಜಾಗದಲ್ಲಿ ಉಳಿದದ್ದು 3,000. ಅಷ್ಟಕ್ಕೇ ಮುಗಿಯಲಿಲ್ಲ. “ಬಸ್ ಎಲ್ಲಿಂದ ಎಲ್ಲಿಗೆ ಲೆಕ್ಕ ಹಾಕಿದ್ದೀಯ?” ಪಿಕಪ್ ಜಾಗದಿಂದ ಬಾದಾಮಿ, ವಾಪಸ್ಸು. “ಬಸ್ಸು ಪಿಕಪ್ ಜಾಗದಲ್ಲಿ ಹುಟ್ಟುತ್ತಾ?” ಗಾಡಿಯ ಕಿಲೋಮೀಟರ್ ಗ್ಯಾರೇಜಿನಿಂದ ಗ್ಯಾರೇಜಿಗೆ ಓಡುತ್ತದೆ. ಹೋಗಿಬರಲು ಇನ್ನೂ ನಲವತ್ತು ಕಿಲೋಮೀಟರ್, ಮೂವತ್ತು ರೂಪಾಯಿಯಂತೆ 1,200. ಉಳಿದದ್ದು 1,800. ಅವರು ಬೈಯಲಿಲ್ಲ, ಅದೇ ಕಷ್ಟವಾಯಿತು. ಹಾಳೆಯನ್ನು ನನ್ನ ಟೇಬಲ್ಲಿನ ಗಾಜಿನ ಕೆಳಗೆ ತೂರಿಸಿ, “ಎಂಟು ವಾರ ಇದು ಇಲ್ಲೇ ಇರಲಿ” ಎಂದರು.

ಆ ಗುಂಪಿನ ಜೊತೆ ನನ್ನನ್ನೇ ಕಳಿಸಿದರು. ಅಲ್ಲೂ ಒಂದು ಎಡವಟ್ಟು. ಬಾದಾಮಿಯ ಮ್ಯೂಸಿಯಂ ಅನ್ನು ಎರಡನೇ ದಿನದ ಬೆಳಗ್ಗೆಗೆ ಇಟ್ಟಿದ್ದೆ. ಎರಡನೇ ದಿನ ಶುಕ್ರವಾರ. ಶುಕ್ರವಾರ ಮ್ಯೂಸಿಯಂಗೆ ರಜೆ. ಅದರ ಗೇಟಿನ ಮುಂದೆ ಆಟವಾಡಿ ಬೆಳೆದವಳು ನಾನು, ಆ ಬೀಗ ಎಷ್ಟು ಸಲ ನೋಡಿದ್ದೆನೋ! ನಾಲ್ಕು ‘ಎ’ಗಳ ಪಾಠ ಮತ್ತೆ ನೆನಪಾಯಿತು. ಗುಂಪನ್ನು ಮೆಲ್ಲಗೆ ಕೆರೆಯ ದಂಡೆಯ ಮೇಲೆ ಭೂತನಾಥದ ಕಡೆ ತಿರುಗಿಸಿ, ಬಟ್ಟೆ ಒಗೆಯುವ ಹೆಂಗಸರ ಸದ್ದು ಬಂಡೆಗೆ ಬಡಿದು ವಾಪಸ್ ಬರುವುದನ್ನು ಕೇಳಿಸಿದೆ. ಅವರಿಗೆ ಅದೇ ಇಷ್ಟವಾಯಿತು. ನನ್ನ ಪುಣ್ಯ. ಈಗ ಯಾವುದೇ ಐಟಿನರಿ, ಅಂದರೆ ಪ್ರವಾಸದ ವೇಳಾಪಟ್ಟಿ, ಮಾಡುವಾಗ ಮೊದಲು ವಾರದ ದಿನ ಬರೆಯುತ್ತೇನೆ, ಆಮೇಲೆ ಊರು.

ಕೊನೆಯ ಸೆಮಿಸ್ಟರಿನ ಪ್ರಬಂಧಕ್ಕೆ ವಿಷಯ ಹುಡುಕುವಾಗ ಗೆಳತಿಯರು ಮೆಡಿಕಲ್ ಟೂರಿಸಂ, ಗೋಲ್ಡನ್ ಚಾರಿಯಟ್ ರೈಲು ಎಂದೆಲ್ಲ ಆರಿಸಿಕೊಂಡರು. ನಾನು ಬನಶಂಕರಿ ಜಾತ್ರೆ ಎಂದೆ. ಗೈಡ್ ಮಾಡುತ್ತಿದ್ದ ಮೇಡಂಗೆ ಅಷ್ಟೇನೂ ಹಿಡಿಸಲಿಲ್ಲ. “ಅದು ಜಾತ್ರೆ ಅಲ್ವಾ, ಟೂರಿಸಂ ಎಲ್ಲಿದೆ?” ಎಂದರು. ಒಪ್ಪಿಸಲು ಎರಡು ವಾರ ಹಿಡಿಯಿತು.

ಬನದ ಹುಣ್ಣಿಮೆ 2020ರಲ್ಲಿ ಜನವರಿ 10ಕ್ಕೆ ಬಿತ್ತು. ಅವತ್ತು ತೇರು. ತೇರಾದ ಮೇಲೂ ವಾರಗಟ್ಟಲೆ ಜಾತ್ರೆ ನಡೆಯುತ್ತದೆ, ಮುಖ್ಯವಾಗಿ ನಾಟಕ ಕಂಪನಿಗಳಿಂದ. ತಗಡಿನ ಥಿಯೇಟರುಗಳು ಸಾಲಾಗಿ ಎದ್ದಿರುತ್ತವೆ, ರಾತ್ರಿ ಒಂದು ಆಟ ಮುಗಿದರೆ ಇನ್ನೊಂದು. ನಾನು ಕ್ಲಿಪ್‌ಬೋರ್ಡಿಗೆ ಪ್ರಶ್ನಾವಳಿ ಸಿಕ್ಕಿಸಿಕೊಂಡು ಎತ್ತಿನ ಬಂಡಿ, ಟ್ರ್ಯಾಕ್ಟರ್, ಟಂಟಂ ನಿಲ್ಲುವ ಕಡೆ ನಿಂತೆ. ಪ್ರಶ್ನಾವಳಿಯ ಆರನೇ ಪ್ರಶ್ನೆ: ‘ರಾತ್ರಿ ಎಲ್ಲಿ ಉಳಿದುಕೊಂಡಿದ್ದೀರಿ?’ ಉತ್ತರಕ್ಕೆ ಐದು ಚೌಕ. ಹೋಟೆಲ್, ಲಾಡ್ಜ್, ಹೋಂಸ್ಟೇ, ಸಂಬಂಧಿಕರ ಮನೆ, ಇತರೆ.

ಮೊದಲು ಸಿಕ್ಕವರು ಗುಳೇದಗುಡ್ಡದ ಕಡೆಯ ಒಬ್ಬ ಅಜ್ಜ. “ರಾತ್ರಿ ಎಲ್ಲಿ ಉಳದಿದ್ರಿ ಅಜ್ಜಾರ?”

“ನಾಟಕದಾಗ.”

“ಅಲ್ರೀ, ಮಲಗಿದ್ದು ಎಲ್ಲಿ?”

“ಮಲಗಾಕ ಯಾರು ಬರ್ತಾರವಾ ಜಾತ್ರಿಗೆ? ಒಂದು ಆಟ ಇಲ್ಲಿ ನೋಡಿದ್ವಿ, ಮುಗದ ಮ್ಯಾಲ ಆ ಕಡೆ ಕಂಪನ್ಯಾಗ ಇನ್ನೊಂದು. ಬೆಳಗಾತು.”

‘ಇತರೆ’ಗೆ ಟಿಕ್ ಹಾಕಿದೆ. ಎರಡನೆಯವರೂ ನಾಟಕದಾಗ. ಮೂರನೆಯವರು ಟ್ರ್ಯಾಕ್ಟರ್ ಟ್ರೇಲರಿನ ಕೆಳಗೆ. ನಾಲ್ಕನೆಯ ಹೆಂಗಸು, “ಹೊಂಡದ ಮಂಟಪದಾಗ ಹಾಸ್ಕೊಂಡು ಕುಂತಿದ್ವಿ, ನಿದ್ದಿ ಯಾರಿಗೆ ಬರತೈತಿ” ಎಂದರು. ಮಧ್ಯಾಹ್ನದ ಹೊತ್ತಿಗೆ ‘ಇತರೆ’ ಎಂಬ ಕಾಲಂ ಉಳಿದೆಲ್ಲ ಕಾಲಂಗಳನ್ನು ನುಂಗಿಬಿಟ್ಟಿತ್ತು. ಅವ್ವನ ಬುಟ್ಟಿಯ ಬಳಿ ಕೂತು, ಉಳಿದ ಫಾರ್ಮುಗಳ ಮೇಲೆ ಒಂದೊಂದಕ್ಕೂ ಪೆನ್ನಿನಲ್ಲಿ ಎರಡು ಹೊಸ ಚೌಕ ಬರೆದೆ: ‘ನಾಟಕದ ಥಿಯೇಟರ್’, ‘ಗಾಡಿಯಲ್ಲಿ/ಗಾಡಿಯ ಕೆಳಗೆ’. ಬೆರಳು ನೋಯುವಷ್ಟು ಬರೆದೆ.

ಇದು ತಮಾಷೆಗೆ ಹೇಳುತ್ತಿರುವುದಲ್ಲ. ಪುಸ್ತಕದ ಪ್ರಕಾರ ತನ್ನ ದಿನನಿತ್ಯದ ಜಾಗ ಬಿಟ್ಟು ಬೇರೆಡೆ ಹೋಗಿ ಒಂದು ರಾತ್ರಿ ಕಳೆದವನು ಪ್ರವಾಸಿ. ರಾತ್ರಿ ಕಳೆಯದೆ ಅದೇ ದಿನ ವಾಪಸಾದವನು ದಿನದ ಸಂದರ್ಶಕ. ನಿದ್ದೆ ಮಾಡಿದನೋ ಇಲ್ಲವೋ, ರೂಮು ಹಿಡಿದನೋ ಇಲ್ಲವೋ ಎಂದು ಯಾವ ವ್ಯಾಖ್ಯೆಯೂ ಕೇಳುವುದಿಲ್ಲ. ಹಾಗಾದರೆ ಆ ಅಜ್ಜ ಅಪ್ಪಟ ಪ್ರವಾಸಿ. ಎಸಿ ಬಸ್ಸಿನಲ್ಲಿ ಬಂದು ಗುಹೆ ನೋಡಿ ಸಂಜೆಯೊಳಗೆ ಹುಬ್ಬಳ್ಳಿಗೋ ಹೊಸಪೇಟೆಗೋ ಹೊರಟುಬಿಡುವವರು ಬಾದಾಮಿಯ ಪಾಲಿಗೆ ದಿನದ ಸಂದರ್ಶಕರು ಅಷ್ಟೇ. ಆದರೆ ಲಾಡ್ಜಿನ ರಿಜಿಸ್ಟರ್ ಹಿಡಿದು ಎಣಿಸಲು ಕೂತರೆ ಅಜ್ಜ ಸಿಗುವುದೇ ಇಲ್ಲ.

ದುಡ್ಡಿನ ಹಾದಿಯನ್ನೂ ಹಿಡಿದು ನೋಡಿದೆ. ‘ಲೀಕೇಜ್’ ಎನ್ನುತ್ತಾರೆ, ಪ್ರವಾಸಿ ಕೊಟ್ಟ ಹಣ ಆ ಊರಿನಲ್ಲಿ ನಿಲ್ಲದೆ ಹೊರಗೆ ಸೋರಿಹೋಗುವುದನ್ನು. ಅವ್ವನ ಬುಟ್ಟಿಯನ್ನೇ ತೆಗೆದುಕೊಂಡೆ. ಜೋಳ ನಮ್ಮ ಮಾವನ ಹೊಲದ್ದು. ಬದನೆಕಾಯಿ ಪಕ್ಕದ ಓಣಿಯವರ ತೋಟದ್ದು. ಮೊಸರು ಎದುರು ಮನೆಯ ಎಮ್ಮೆಯದ್ದು, ಅದರ ಕುಡಿಕೆ ಊರಿನ ಕುಂಬಾರರದ್ದು. ಹೊರಗಿನಿಂದ ಬಂದದ್ದು ಉಪ್ಪು, ಎಣ್ಣೆ, ಬೆಂಕಿಪೊಟ್ಟಣ. ಆ ಕಡೆ ಎಸಿ ಬಸ್ಸಿನವರ ನೀರಿನ ಬಾಟಲಿ, ಬಿಸ್ಕತ್ತು, ಗೈಡ್ ಸಮೇತ ಬಹುಪಾಲು ಬೆಂಗಳೂರಿನಿಂದಲೇ ಬಸ್ ಹತ್ತಿ ಬಂದಿರುತ್ತದೆ. ಪಟ್ಟದಕಲ್ಲಿನ 40 ರೂಪಾಯಿ ಟಿಕೆಟ್ಟೂ ಪಟ್ಟದಕಲ್ಲಿನಲ್ಲಿ ಉಳಿಯುವಂಥದ್ದಲ್ಲ. ಇದನ್ನು ನಾನು ಅವ್ವನಿಗೆ ಹೇಳಿದಾಗ ಅವಳಿಗೇನೂ ವಿಶೇಷವೆನಿಸಲಿಲ್ಲ. “ಮತ್ತ ಜ್ವಾಳ ಬೆಂಗಳೂರಿಂದ ತರ್ತಾರೇನು?” ಎಂದಳು.

ಪ್ರಬಂಧ ಅರ್ಧ ಬರೆದಿದ್ದೆ, ಮಾರ್ಚ್ ಬಂತು, ಜೊತೆಗೆ ಕೊರೊನಾ. 2020ರ ಮಾರ್ಚ್ 17ರಿಂದ ಪುರಾತತ್ವ ಇಲಾಖೆ ತನ್ನ ಸ್ಮಾರಕಗಳನ್ನೆಲ್ಲ ಮುಚ್ಚಿತು. ಹಾಸ್ಟೆಲ್ ಖಾಲಿ ಮಾಡಿಸಿದರು. ಊರಿಗೆ ಬಂದರೆ ಗುಹೆಯ ಗೇಟಿಗೆ ಬೀಗ, ಮೆಟ್ಟಿಲ ಮೇಲೆ ತಿನ್ನಲು ಕೊಡುವವರಿಲ್ಲದೆ ಊರೊಳಗೆ ನುಗ್ಗಿದ ಮಂಗಗಳು, ಮನೆಯ ಮೂಲೆಯಲ್ಲಿ ಬೋರಲು ಹಾಕಿದ ಅವ್ವನ ಬುಟ್ಟಿ. ನಮ್ಮ ಬ್ಯಾಚಿಗೆ ಕ್ಯಾಂಪಸ್ಸಿನಲ್ಲಿ ಸಿಕ್ಕಿದ್ದ ಕೆಲಸಗಳು ಒಂದೊಂದಾಗಿ ಮೇಲ್ ಮೂಲಕ ಹಿಂದಕ್ಕೆ ಹೋದವು. ಸ್ಮಾರಕ ತೆರೆಯಲು ಅನುಮತಿ ಸಿಕ್ಕ ದಿನ ಜುಲೈ 6. ಕೊನೆಯ ವರ್ಷದವರಿಗೆ ಪರೀಕ್ಷೆ ನಡೆಸಲೇಬೇಕೆಂದು ಯುಜಿಸಿ ಹೇಳಿದ ದಿನವೂ ಜುಲೈ 6. ಯಾವುದಕ್ಕೆ ಖುಷಿಪಡಬೇಕೋ ತಿಳಿಯಲಿಲ್ಲ.

ಪ್ರಬಂಧದ ವೈವಾ, ಅಂದರೆ ಮೌಖಿಕ ಪರೀಕ್ಷೆ, ಆನ್‌ಲೈನಿನಲ್ಲಿ. ನೆಟ್‌ವರ್ಕ್ ಸಿಗುವುದು ಮಾಳಿಗೆಯ ಮೇಲೆ, ನೀರಿನ ಟ್ಯಾಂಕಿನ ಪಕ್ಕ ಮಾತ್ರ. ಇಳಕಲ್ ಸೀರೆ ಉಟ್ಟು ಬಿಸಿಲಲ್ಲಿ ನಿಂತೆ. ಹೊರಗಿನ ಪರೀಕ್ಷಕರು ಪುಟ ತಿರುಗಿಸಿ, “ನಾಟಕದ ಥಿಯೇಟರ್ ಅನ್ನು ಅಕಾಮಡೇಶನ್ ಅಂತ ಹಾಕಿದ್ದೀರಲ್ಲ, ಅದು ಹೇಗೆ?” ಎಂದರು. ವ್ಯಾಖ್ಯೆ ಹೇಳಿದೆ. ರಾತ್ರಿ ಕಳೆದದ್ದು ಮುಖ್ಯ, ಚಾವಣಿ ಯಾವುದೆಂಬುದಲ್ಲ ಎಂದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ನೆಟ್‌ವರ್ಕ್ ಹೋಯಿತೇನೋ ಎಂದು ಫೋನನ್ನು ಟ್ಯಾಂಕಿನ ಮೇಲೆತ್ತಿದೆ. ಅವರು ನಗುತ್ತಿದ್ದರು. “ನಮ್ಮ ತಂದೆನೂ ಹಾಗೇ ನಾಟಕ ನೋಡ್ತಿದ್ರಮ್ಮ” ಎಂದರು.

ಈಗ ಕೇಳುವವರಿಗೆ ನಾನು ಹೇಳುವುದು ಇಷ್ಟು. ಈ ಪದವಿಯಿಂದ ಸರ್ಕಾರಿ ಕೆಲಸ ಓಡಿ ಬರುವುದಿಲ್ಲ. ಪಾಠ ಹೇಳುವ ಆಸೆ ಇದ್ದರೆ ಯುಜಿಸಿ ನೆಟ್‌ನಲ್ಲಿ ಟೂರಿಸಂಗೆ ಪ್ರತ್ಯೇಕ ಪೇಪರ್ ಇದೆ, ವಿಷಯ ಸಂಖ್ಯೆ 93. ಗೈಡ್ ಆಗಲು ಪದವಿ ಮಾತ್ರ ಸಾಲದು, ಅದಕ್ಕೆ ಬೇರೆ ತರಬೇತಿ, ಬೇರೆ ಲೈಸೆನ್ಸ್. ಕಾಲೇಜು ಆರಿಸುವಾಗ ಕಟ್ಟಡ ನೋಡಬೇಡಿ, ಇಂಟರ್ನ್‌ಶಿಪ್ ಎಷ್ಟು ವಾರ, ಎಲ್ಲಿಗೆ ಕಳಿಸುತ್ತಾರೆ ಎಂದು ಹಿಂದಿನ ಬ್ಯಾಚಿನವರನ್ನು ಕೇಳಿ. ಮತ್ತೆ, ಎಕ್ಸೆಲ್ ಕಲಿಯಿರಿ. ಎರಡು ವರ್ಷದಲ್ಲಿ ಯಾರೂ ನನಗೆ ಇದನ್ನು ಗಟ್ಟಿಯಾಗಿ ಹೇಳಲಿಲ್ಲ.

ನಾನು ಆಮೇಲೆ ಒಂದು ವರ್ಷ ಬೆಂಗಳೂರಿನ ಕಚೇರಿಯೊಂದಕ್ಕೆ ಮನೆಯಿಂದಲೇ ಐಟಿನರಿ ಮಾಡಿಕೊಟ್ಟೆ. ಈಗ ಬಾದಾಮಿಯಲ್ಲೇ ಇದ್ದು ಸಣ್ಣ ಗುಂಪುಗಳನ್ನು ಸುತ್ತಿಸುತ್ತೇನೆ. ಸ್ವಂತದ್ದು ಎಂದು ಮೊದಲು ಮಾಡಿದ ಗುಂಪು ಹತ್ತು ಜನರದ್ದು, ಎಫ್‌ಒಸಿ ಇಲ್ಲ, ಹನ್ನೆರಡು ಸೀಟಿನ ಟಿಟಿ, ಅಂದರೆ ಟೆಂಪೋ ಟ್ರಾವೆಲರ್. ಕಾಸ್ಟಿಂಗ್ ಹಾಳೆಯನ್ನು ಮೂರು ಸಲ ತಿದ್ದಿದ್ದೆ. ಗ್ಯಾರೇಜ್ ಕಿಲೋಮೀಟರ್ ಹಾಕಿದ್ದೆ, ವಾರದ ದಿನ ನೋಡಿದ್ದೆ. ಮಧ್ಯಾಹ್ನದ ಊಟ ಹೊಂಡದ ದಂಡೆಯಲ್ಲಿ ಅವ್ವನ ಕೈಯಿಂದ. ಅವಳಿಗೆ ಹನ್ನೊಂದು ಊಟ ಎಂದು ಹಿಂದಿನ ರಾತ್ರಿಯೇ ಹೇಳಿದ್ದೆ, ನನ್ನದೂ ಸೇರಿ.

ಬುಟ್ಟಿ ಇಳಿಸಿ, ಎಲ್ಲರಿಗೂ ಬಡಿಸುತ್ತಾ ಅವ್ವ ಟಿಟಿಯ ಕಡೆ ನೋಡಿದಳು. ಡ್ರೈವರ್ ಬಾಗಿಲು ತೆರೆದುಕೊಂಡು ಮೊಬೈಲ್ ನೋಡುತ್ತಾ ಕೂತಿದ್ದ.

“ಅವನ್ನ ಯಾವ ಕಾಲಂನ್ಯಾಗ ಹಾಕೀದಿ?” ಎಂದಳು.

ಬಾಟಾ ಕೊಟ್ಟಿದ್ದೀನಲ್ಲ, ಊಟ ಅದರಲ್ಲೇ ಎಂದೆ.

“ಬಾಟಾ ಉಣ್ಣಾಕ ಬರ್ತೈತೇನು?” ಎನ್ನುತ್ತಾ ಬುಟ್ಟಿಯ ತಳದಿಂದ ಇನ್ನೊಂದು ಎಲೆ, ಮೂರು ರೊಟ್ಟಿ ತೆಗೆದಳು. ಅವು ಲೆಕ್ಕಕ್ಕಿಂತ ಹೆಚ್ಚಿಗೆ ತಂದವು. “ಏ ತಮ್ಮಾ, ಬಾ ಇಲ್ಲೆ. ಮೊಸರು ಬೇಕೇನು?”